ಹೊಳೆಬಾಗಿಲಿನ ಲಾಂಚು

ಹೊಳೆಗೆ ಬಾಗಿಲಿರುವುದುಂಟೆ? ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯವರು ಉಂಟೆನ್ನುತ್ತಾರೆ. ಸಾಗರ ಪಟ್ಟಣದಿಂದ ಸುಮಾರು ಮೂವತ್ತು ಕಿಲೋಮೀಟರು ದೂರದಲ್ಲಿ, ಕಾಡು ಗುಡ್ಡ ಅಡಿಕೆ ತೋಟಗಳ ನಡುವೆ ಬಳಸಿ ಬಳಸಿ ಬಂದ ರಸ್ತೆಯೊಂದು ಇದ್ದಕ್ಕಿದ್ದಂತೆ ನೀರಿಗೆ ಇಳಿದು ಮುಗಿದುಹೋಗುತ್ತಿತ್ತು. ಆ ಸ್ಥಳವೇ ಹೊಳೆಬಾಗಿಲು. ಊರಿನ ಹೆಸರು ಅಂಬಾರಗೋಡ್ಲು; ನೀರಿನಾಚೆಯ ದಡ ಕಳಸವಳ್ಳಿ. ನಡುವೆ ಎರಡು ಕಿಲೋಮೀಟರಿನಷ್ಟು ಅಗಲಕ್ಕೆ ಹರಡಿ ನಿಂತದ್ದು ಶರಾವತಿ. ನಿಂತದ್ದು ಎಂದೇ ಹೇಳಬೇಕು, ಲಿಂಗನಮಕ್ಕಿಯ ಅಣೆಕಟ್ಟು ಅವಳನ್ನು ಹರಿಯಗೊಡದೆ ತಡೆದಿರುವುದರಿಂದ.

2025ರ ಜುಲೈ 14ರಂದು ಈ ನೀರಿನ ಮೇಲೆ ಸೇತುವೆಯೊಂದು ಸಂಚಾರಕ್ಕೆ ತೆರೆಯಿತು. ಅದಕ್ಕೆ ಮುಂಚಿನ ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಇಲ್ಲಿ ಜನರನ್ನು ದಾಟಿಸಿದ್ದು ಲಾಂಚು. ನಾಡಿನ ಎಲ್ಲ ಕಡೆಯ ಯಾತ್ರಿಕರಿಗೆ ಅದು ‘ಸಿಗಂದೂರು ಲಾಂಚು’. ಹೊಳೆಯಾಚೆಯ ಸಿಗಂದೂರಿನಲ್ಲಿ ನೆಲಸಿರುವ ಚೌಡೇಶ್ವರಿಯ ದರ್ಶನಕ್ಕೆ ಹೋದವರು ಊರಿಗೆ ಮರಳಿದ ಮೇಲೆ ದೇವಿಯ ಮಹಿಮೆಯ ಜೊತೆಗೆ ಈ ಜಲಯಾನವನ್ನೂ ವರ್ಣಿಸುತ್ತಿದ್ದರು. ಹಾಸನ, ಕಟ್ಟಾಯ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆಯ ಮನೆಗಳಲ್ಲಿಯೂ ಈ ವರ್ಣನೆಗೆ ಕೊರತೆಯಿಲ್ಲ. ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರೈಲು ಹಾಸನ, ಅರಸೀಕೆರೆಗಳ ಮೇಲೆ ಹಾದು ಸಾಗರದ ಜಂಬಗಾರು ನಿಲ್ದಾಣದಲ್ಲಿ ಇಳಿಸುತ್ತದೆ, ಅಲ್ಲಿಂದ ಬಸ್ಸು. ದೇವಿ ಕಳ್ಳಕಾಕರಿಂದ ಸೊತ್ತನ್ನು ಕಾಯುವವಳೆಂದು ಪ್ರತೀತಿ. ಈ ತೋಟಕ್ಕೆ ಸಿಗಂದೂರಮ್ಮನ ಕಾವಲಿದೆ ಎಂಬ ಪುಟ್ಟ ಫಲಕವನ್ನು ಬೇಲಿಗೆ ಕಟ್ಟಿದ ತೋಟಗಳು ಮಲೆನಾಡಿನಾಚೆಗೂ ಕಾಣಸಿಗುತ್ತವೆ. ಪೊಲೀಸು ಠಾಣೆಗಿಂತ ಈ ಫಲಕದ ಮೇಲೆ ಹೆಚ್ಚು ಭರವಸೆಯಿಟ್ಟ ರೈತರೂ ಇದ್ದಾರು.

ಲಾಂಚು ಎಂದೊಡನೆ ಸಮುದ್ರದ ಹಡಗನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಅದು ತಳ ಚಪ್ಪಟೆಯಾದ, ಡೀಸೆಲ್ ಎಂಜಿನ್ನಿನಿಂದ ನಡೆಯುವ ಕಬ್ಬಿಣದ ತೇಲುಕಟ್ಟೆ. ತುದಿಯಲ್ಲಿ ಮೇಲಕ್ಕೆತ್ತಿ ಕೆಳಕ್ಕಿಳಿಸಬಹುದಾದ ದೊಡ್ಡ ಕಬ್ಬಿಣದ ಹಲಗೆ. ದಡಕ್ಕೆ ತಾಗಿದೊಡನೆ ಹಲಗೆ ನೆಲದ ಮೇಲೆ ಬಿದ್ದು ಸೇತುವೆಯಂತಾಗುವುದು. ಅದರ ಮೇಲೆ ಹಾದು ಬಸ್ಸು, ಜೀಪು, ಕಾರು, ಮೋಟಾರು ಸೈಕಲ್ಲುಗಳು ಒಂದೊಂದಾಗಿ ಏರುವುವು. ಉಳಿದ ಎಡೆಯಲ್ಲಿ ಜನ. ಬಸ್ಸನ್ನು ಅಂಗುಲ ಅಂಗುಲವಾಗಿ ಸರಿಸಿ ನಿಲ್ಲಿಸುವ ಚಾಲಕನ ಕೌಶಲವನ್ನು ನೋಡುತ್ತ ನಿಲ್ಲುವುದೇ ಹೊಸಬರಿಗೆ ಒಂದು ವಿನೋದ. ಎಂಜಿನ್ನು ಗುಡುಗಿ ದಡ ಹಿಂದೆ ಸರಿದ ಮೇಲೆ ಎಲ್ಲರೂ ಮೌನ. ನಾಲ್ಕೂ ಕಡೆ ನೀರು. ನೀರಿನಲ್ಲಿ ಅದ್ದಿಟ್ಟಂತೆ ಹಸುರು ಗುಡ್ಡಗಳು. ಆ ಗುಡ್ಡಗಳಲ್ಲಿ ಕೆಲವು ನಿಜವಾಗಿಯೇ ದ್ವೀಪಗಳು, ಸುತ್ತಲೂ ನೀರಿರುವಂಥವು. ಮಳೆಗಾಲದಲ್ಲಿ ಮೋಡ ಗುಡ್ಡದ ನೆತ್ತಿಯಿಂದ ಜಾರಿ ನೀರಿಗೆ ತಾಗುವುದು. ಮಾಗಿಯ ಬೆಳಗಿನಲ್ಲಿ ಮಂಜು ಎದುರಿನ ದಡವನ್ನೇ ಅಳಿಸಿಬಿಡುವುದು. ಹತ್ತು ಹದಿನೈದು ನಿಮಿಷಗಳಲ್ಲಿ ಎಲ್ಲವೂ ಮುಗಿದು ಮತ್ತೆ ಹಲಗೆ ಬೀಳುವುದು. ಇಷ್ಟು ಕಡಮೆ ಖರ್ಚಿನಲ್ಲಿ ಇಷ್ಟು ರಮಣೀಯವಾದ ಪ್ರಯಾಣ ಕನ್ನಡ ನಾಡಿನಲ್ಲಿ ಮತ್ತೊಂದಿತ್ತೋ ಇಲ್ಲವೋ ಅನುಮಾನ.

ಆದರೆ ಅದೇ ಲಾಂಚಿನ ಕಂಬಿಗೆ ಒರಗಿ, ನೀರಿನತ್ತ ಕಣ್ಣೆತ್ತಿಯೂ ನೋಡದೆ ನಿಂತ ಕೆಲವರಿರುತ್ತಿದ್ದರು. ಕಂಕುಳಲ್ಲಿ ಚೀಲ, ಕೈಯಲ್ಲಿ ಔಷಧದ ಪೊಟ್ಟಣ ಅಥವಾ ತಾಲೂಕು ಕಛೇರಿಯ ಕಾಗದ. ಅವರು ಆಚೆ ದಡದವರು. ಪ್ರವಾಸಿಯ ಪಾಲಿಗೆ ವರ್ಷಕ್ಕೊಮ್ಮೆಯ ಸೊಗಸಾಗಿದ್ದ ಆ ನೀರು ಅವರ ಪಾಲಿಗೆ ದಿನನಿತ್ಯದ ಸುಂಕವಾಗಿತ್ತು. ಹಣದಲ್ಲಿ ಅಲ್ಪ, ಹೊತ್ತಿನಲ್ಲಿ ಬಹಳ.

ಆಚೆಯ ನೆಲವನ್ನು ‘ದ್ವೀಪ’ವೆಂದು ಕರೆಯುವುದು ರೂಢಿ. ಭೂಪಟವನ್ನು ಹಿಡಿದು ನೋಡಿದರೆ ಈ ಮಾತು ಪೂರ್ತಿ ಸರಿಯಲ್ಲ. ತುಮರಿಯನ್ನು ನಡುವಿಟ್ಟುಕೊಂಡ ಕರೂರು, ಬಾರಂಗಿ ಹೋಬಳಿಗಳ ಈ ನಾಡು ಪಶ್ಚಿಮಕ್ಕೆ ಘಟ್ಟದ ಅಂಚಿಗೂ ದಕ್ಷಿಣಕ್ಕೆ ನಿಟ್ಟೂರು, ಕೊಲ್ಲೂರುಗಳ ಕಡೆಗೂ ನೆಲದಿಂದಲೇ ಸೇರಿಕೊಂಡಿದೆ. ಅದು ಪರ್ಯಾಯದ್ವೀಪವೆಂದರೆ ಸರಿಯಾದೀತು. ಆದರೆ ತಾಲೂಕು ಕಛೇರಿ, ದೊಡ್ಡ ಆಸ್ಪತ್ರೆ, ಕಾಲೇಜು, ಅಡಿಕೆಯ ಮಂಡಿ ಎಲ್ಲವೂ ಇರುವುದು ಸಾಗರದಲ್ಲಿ; ಸಾಗರಕ್ಕೂ ಅವರಿಗೂ ನಡುವೆ ನೀರು. ನೆಲದ ದಾರಿಯೇ ಬೇಕೆಂದರೆ ನಿಟ್ಟೂರು, ನಗರ, ಹೊಸನಗರಗಳನ್ನು ಬಳಸಿಕೊಂಡು, ಒಂದು ಕೆಲಸಕ್ಕೆ ಒಂದಿಡೀ ದಿನವನ್ನು ಒಪ್ಪಿಸಬೇಕು. ಹೆರಿಗೆ ನೋವಿನಲ್ಲಿರುವ ಹೆಂಗಸಿಗೆ ದ್ವೀಪ, ಪರ್ಯಾಯದ್ವೀಪಗಳ ವ್ಯತ್ಯಾಸ ಕಟ್ಟಿಕೊಂಡು ಏನಾಗಬೇಕು?

ಈ ನೀರು ಎಲ್ಲಿಂದ ಬಂತು ಎಂಬುದನ್ನು ಅರಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ, ಶ್ರೀರಾಮನ ಬಾಣ ನಾಟಿದೆಡೆಯಲ್ಲಿ ಹುಟ್ಟಿದಳೆಂದು ಶರಾವತಿಗೆ ಆ ಹೆಸರು. ಹೊನ್ನಾವರದಲ್ಲಿ ಸಮುದ್ರ ಸೇರುವವರೆಗೆ ಅವಳ ಆಯುಷ್ಯ 128 ಕಿಲೋಮೀಟರು ಮಾತ್ರ. ನಡುವೆ ಜೋಗದಲ್ಲಿ 830 ಅಡಿಗಳ ಆಳಕ್ಕೆ ಧುಮುಕುತ್ತಾಳೆ. ಇಷ್ಟು ಎತ್ತರದಿಂದ ಬೀಳುವ ನೀರನ್ನು ಕಂಡ ಎಂಜಿನಿಯರಿಗೆ ಮೊದಲು ನೆನಪಾಗುವುದು ಕಾವ್ಯವಲ್ಲ, ವಿದ್ಯುಚ್ಛಕ್ತಿ. ಮೈಸೂರು ಸಂಸ್ಥಾನದ ಕಾಲದಲ್ಲಿಯೇ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟಿನ ಕೆಲಸ ನಡೆದು, ಜೋಗದ ವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. ಈಗ ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರು. ಆ ಕಾಲದಲ್ಲಿ ಅದರ ಸಾಮರ್ಥ್ಯ 120 ಮೆಗಾವಾಟು ಇತ್ತು. ಬೆಳೆಯುತ್ತಿದ್ದ ರಾಜ್ಯಕ್ಕೆ ಅಷ್ಟು ಸಾಲಲಿಲ್ಲ. 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಕಟ್ಟೆ ಎದ್ದು ನಿಂತಿತು. ಸಮುದ್ರಮಟ್ಟದಿಂದ 1819 ಅಡಿಗಳವರೆಗೆ ನೀರು ನಿಲ್ಲಿಸಬಲ್ಲ, ಸುಮಾರು 151 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲ ಜಲಾಶಯ ಅದು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ಒಟ್ಟು 1,035 ಮೆಗಾವಾಟು ವಿದ್ಯುತ್ತನ್ನು ಉತ್ಪಾದಿಸಬಲ್ಲವು. ಬೆಂಗಳೂರಿನ ಬೀದಿದೀಪಗಳೂ ಕಾರ್ಖಾನೆಗಳೂ ಎಷ್ಟೋ ವರ್ಷ ಈ ನೀರನ್ನೇ ನೆಚ್ಚಿ ಬೆಳಗಿದುವು, ತಿರುಗಿದುವು.

ಹೊಸ ನೀರು ಮೇಲೇರಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಅದರೊಳಗೆ ಮುಳುಗಿತು. ಹದಿನಾರು ವರ್ಷವಷ್ಟೇ ದುಡಿದ, ಗಟ್ಟಿಮುಟ್ಟಾದ ಕಟ್ಟೆ! ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದು ಮೈದೋರುತ್ತದೆ. ನೋಡಲು ಜನ ಸೇರುತ್ತಾರೆ. ಕಟ್ಟೆಯೇ ಮುಳುಗಿತೆಂದ ಮೇಲೆ ಮನೆ, ಗದ್ದೆ, ತೋಟಗಳ ಪಾಡನ್ನು ಬಿಡಿಸಿ ಹೇಳಬೇಕೆ? ಸಾಗರ, ಹೊಸನಗರ ತಾಲೂಕುಗಳ ಕಣಿವೆಯ ಊರುಗಳು ಒಂದಾದ ಮೇಲೊಂದು ನೀರಿನ ಪಾಲಾದುವು. ಕೆಲವರು ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಶಿವಮೊಗ್ಗದ ಕಡೆಯ ಕಾಡುಗಳಿಗೆ ಹೋದರು. ಕೆಲವರು ನೀರು ಮುಟ್ಟದ ಎತ್ತರಕ್ಕೆ ಸರಿದು ಅಲ್ಲಿಯೇ ಉಳಿದರು; ಅವರೇ ‘ದ್ವೀಪ’ದವರಾದರು. ‘ಮುಳುಗಡೆ’ ಎಂಬುದು ಆ ಸೀಮೆಯಲ್ಲಿ ಕಾಲಗಣನೆಯ ಮಾತು. ಮುಳುಗಡೆಗೆ ಮುಂಚೆ, ಮುಳುಗಡೆಯಾದ ಮೇಲೆ ಎಂದೇ ಹಿರಿಯರು ಮದುವೆ ಮುಂಜಿಗಳನ್ನೂ ಮಕ್ಕಳ ವಯಸ್ಸನ್ನೂ ಲೆಕ್ಕ ಹಾಕುತ್ತಾರೆ. ಕಾಡಿಗೆ ಹೋದವರ ಕಥೆಯೂ ಮುಗಿದಿಲ್ಲ. ಅವರಿಗೆ ತೋರಿಸಿಕೊಟ್ಟ ಎಷ್ಟೋ ಜಾಗ ಸರಕಾರದ ಕಡತದಲ್ಲಿ ಅರಣ್ಯವಾಗಿಯೇ ಉಳಿದು, ಮೂರನೆಯ ತಲೆಮಾರು ಹಕ್ಕುಪತ್ರಕ್ಕಾಗಿ ಅಲೆಯಬೇಕಾಯಿತು.

ಇದನ್ನೆಲ್ಲ ಕಣ್ಣಾರೆ ಕಂಡು ಬರೆದವರು ಸಾಗರದ ನಾ. ಡಿ’ಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಅವರು ಯೋಜನೆಯ ಬೆನ್ನಿಗೇ ಬೆಳೆದ ಕಾಗದಪತ್ರಗಳನ್ನೂ, ಆ ಕಾಗದಗಳ ಅಡಿಗೆ ಸಿಕ್ಕ ಮನುಷ್ಯರನ್ನೂ ಬಲ್ಲವರಾಗಿದ್ದರು. ‘ಮುಳುಗಡೆ’ ಮತ್ತು ‘ದ್ವೀಪ’ ಅವರ ಕಾದಂಬರಿಗಳು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು, ಸೌಂದರ್ಯ ಅದರ ನಾಯಕಿಯೂ ನಿರ್ಮಾಪಕಿಯೂ ಆಗಿದ್ದರು. ಅದು ರಾಷ್ಟ್ರದ ಸ್ವರ್ಣಕಮಲ ಪ್ರಶಸ್ತಿಯನ್ನು ಪಡೆಯಿತು. 2025ರ ಜನವರಿಯಲ್ಲಿ ಡಿ’ಸೋಜ ತೀರಿಕೊಂಡರು. ಸೇತುವೆ ತೆರೆಯಲು ಆಗ ಆರು ತಿಂಗಳು ಉಳಿದಿತ್ತು.

ಹಾಸನದ ಓದುಗರಿಗೆ ಈ ಸಂಗತಿ ಪರಕೀಯವಾಗಬೇಕಾಗಿಲ್ಲ. ಕಟ್ಟಾಯಕ್ಕೆ ದೂರವಲ್ಲದ ಗೊರೂರಿನಲ್ಲಿ ಹೇಮಾವತಿಗೆ 1979ರಲ್ಲಿ ಅಣೆಕಟ್ಟು ಮುಗಿದಾಗ ಅಲ್ಲಿಯೂ ಹೊಲ, ಮನೆ, ಗುಡಿಗಳು ನೀರಿಗೆ ಹೋದುವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮಳೆಗಾಲದಲ್ಲಿ ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುವುದನ್ನು ನೋಡಲು ದೂರದ ಊರುಗಳಿಂದ ಬಂದವರು ಛಾಯಾಚಿತ್ರ ತೆಗೆದುಕೊಳ್ಳುತ್ತಾರೆ. ಅದರ ಅಂಗಳದಲ್ಲಿ ಆಡಿ ಬೆಳೆದವರಿಗೆ ಆ ಚಿತ್ರ ಅಷ್ಟು ಸೊಗಸಾಗಿ ಕಾಣಲಾರದು. ಆದರೂ ಎರಡು ನೀರುಗಳಿಗೆ ಒಂದು ಅಂತರವುಂಟು. ಹೇಮಾವತಿಯ ನೀರು ಕಾಲುವೆಗಳಲ್ಲಿ ಹರಿದು ಹಾಸನ, ತುಮಕೂರುಗಳ ಗದ್ದೆಗಳನ್ನು ಸೇರುತ್ತದೆ. ಮುಳುಗಿದವನ ನೆಂಟನಾದರೂ ಅದರಿಂದ ಎರಡು ಬೆಳೆ ತೆಗೆದಾನು. ಲಿಂಗನಮಕ್ಕಿಯ ನೀರು ತಂತಿಯ ಮೇಲೆ ಹೊರಟುಹೋಯಿತು. ಅದರ ದಡದ ಎಷ್ಟೋ ಮನೆಗಳಲ್ಲಿ ಬಹುಕಾಲ ಚಿಮಣಿ ಬುಡ್ಡಿಯೇ ಉರಿಯುತ್ತಿತ್ತು.

ಲಾಂಚಿನ ವೇಳೆಯೇ ಆಚೆ ದಡದ ಗಡಿಯಾರವಾಗಿತ್ತು. ಕಾಲೇಜಿನ ಹುಡುಗಿ ಮನೆ ಬಿಡುವ ಹೊತ್ತು, ಮಾಸ್ತರು ಶಾಲೆಗೆ ತಲಪುವ ಹೊತ್ತು, ಮದುವೆಯ ದಿಬ್ಬಣ ಹೊರಡುವ ಹೊತ್ತು, ಎಲ್ಲವನ್ನೂ ಗೊತ್ತುಮಾಡುತ್ತಿದ್ದದ್ದು ಅದು. ಪುರೋಹಿತರು ಮುಹೂರ್ತ ಇಟ್ಟರೂ ಲಾಂಚು ಒಪ್ಪಬೇಕು. ಕತ್ತಲಾಗುತ್ತಿದ್ದಂತೆ ಕೊನೆಯ ಓಡಾಟ ಮುಗಿಯುವುದು. ಆ ಮೇಲೆ ಬಾಗಿಲು ಮುಚ್ಚಿದಂತೆಯೇ. ಹಬ್ಬ, ರಜೆ, ಮಂಗಳವಾರ, ಶುಕ್ರವಾರಗಳು ಬಂದರೆ ಇನ್ನೊಂದು ತೊಡಕು. ಭಕ್ತರ ವಾಹನಗಳು ಸಾಲುಗಟ್ಟಿ ನಿಂತು, ಊರವರಿಗೆ ತಮ್ಮ ಊರಿಗೆ ಹೋಗುವುದಕ್ಕೇ ಸರದಿ ಸಿಗುತ್ತಿರಲಿಲ್ಲ. ಸ್ಥಳೀಯರಿಗೂ ರೋಗಿಗಳಿಗೂ ಮೊದಲು ಎಡೆ ಕೊಡಬೇಕೆಂಬ ಕಟ್ಟಳೆಯಿದ್ದರೂ, ಇರುವೆಯ ಸಾಲಿನಂತೆ ನಿಂತ ಕಾರುಗಳ ನಡುವೆ ರೋಗಿಯ ಜೀಪು ಮುಂದೆ ಬರುವುದಾದರೂ ಹೇಗೆ?

ಬೇಸಿಗೆಯ ಕಷ್ಟವೇ ಬೇರೆ. ವಿದ್ಯುತ್ತಿಗಾಗಿ ನೀರು ಬಿಟ್ಟಂತೆಲ್ಲ ಹೊಳೆ ಹಿಂದಕ್ಕೆ ಸರಿಯುವುದು, ಲಾಂಚು ನಿಲ್ಲುವ ಕಟ್ಟೆ ಒಣಗಿ ನಿಲ್ಲುವುದು. ಆಗ ಇಳಿಜಾರಿನ ಕೆಸರಿನಲ್ಲಿ ಹೊಸ ನಿಲುಗಡೆಯನ್ನು ಹುಡುಕಬೇಕು. ಅಲ್ಲಲ್ಲಿ, ಕಡಿಯದೆ ಬಿಟ್ಟ ಕಾಡಿನ ಮರಗಳ ಬೊಡ್ಡೆಗಳು ನೀರಿನಿಂದ ಕರಿಯ ಬೆರಳುಗಳಂತೆ ತಲೆಯೆತ್ತುವುವು. ಅರವತ್ತು ವರ್ಷ ನೀರಿನಲ್ಲಿ ನೆನೆದರೂ ಅವು ಕೊಳೆತು ಹೋಗಿಲ್ಲ. ತಳಕ್ಕೆ ತಾಗಿದರೆ ಲಾಂಚಿಗೆ ಅಪಾಯ. 2023ರ ಬೇಸಿಗೆಯ ಕೊನೆಯಲ್ಲಿ ಮಳೆ ತಡವಾದಾಗ ನೀರು ಎಷ್ಟು ತಗ್ಗಿತೆಂದರೆ, ವಾಹನಗಳನ್ನು ಏರಿಸುವುದನ್ನೇ ನಿಲ್ಲಿಸಿ ಜನರನ್ನು ಮಾತ್ರ ದಾಟಿಸಬೇಕಾಯಿತು. ನೀರು ಹೆಚ್ಚಿದ್ದರಿಂದ ಬಂದ ಕಷ್ಟವನ್ನು ನೀರು ಕಡಮೆಯಾದದ್ದು ಇಮ್ಮಡಿಗೊಳಿಸಿದ ವಿಚಿತ್ರವನ್ನು ಇಲ್ಲಿಯೇ ಕಾಣಬೇಕು.

ಸೇತುವೆಯ ಬೇಡಿಕೆ ಮುಳುಗಡೆಯಷ್ಟೇ ಹಳೆಯದು. ಮನವಿಗಳಾದುವು, ಪಾದಯಾತ್ರೆಗಳಾದುವು, ಚುನಾವಣೆಗಳಲ್ಲಿ ಭರವಸೆಗಳಾದುವು. 2018ರಲ್ಲಿ ಶಂಕುಸ್ಥಾಪನೆ ನಡೆದು, ರಾಷ್ಟ್ರೀಯ ಹೆದ್ದಾರಿಯ ಅಂಗವಾಗಿ ಕೆಲಸ ಸಾಗಿತು. ಈಗ ನಿಂತಿರುವುದು ಎತ್ತರದ ಗೋಪುರಗಳಿಂದ ಉಕ್ಕಿನ ಹಗ್ಗಗಳನ್ನು ಇಳಿಬಿಟ್ಟು ಅವುಗಳಿಂದ ರಸ್ತೆಯನ್ನು ತೂಗಿಹಿಡಿದ ಬಗೆಯ ಸೇತುವೆ. ಉದ್ದ ಸುಮಾರು 2.4 ಕಿಲೋಮೀಟರು, ತಗುಲಿದ ವೆಚ್ಚ 470 ಕೋಟಿ ರೂಪಾಯಿಗಳ ಆಸುಪಾಸು. ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಅದನ್ನು ಉದ್ಘಾಟಿಸಿದರು. ಲಾಂಚಿನಲ್ಲಿ ಹದಿನೈದು ನಿಮಿಷ, ಅದಕ್ಕೆ ಮೊದಲು ಸಾಲಿನಲ್ಲಿ ಎರಡೋ ಮೂರೋ ಗಂಟೆ ಬೇಕಾಗುತ್ತಿದ್ದ ದಾರಿ ನಾಲ್ಕೈದು ನಿಮಿಷಕ್ಕೆ ಇಳಿಯಿತು.

ಅಂದಿನಿಂದ ಒಂದು ಹೊಸ ಮಾತು ಕೇಳಿಬರುತ್ತಿದೆ. ಲಾಂಚಿನ ಸೊಗಸು ಹೋಯಿತು, ಸಿಗಂದೂರಿಗೆ ಹೋದಂತೆಯೇ ಆಗುವುದಿಲ್ಲ ಎಂದು ಮರುಗುವವರು ಕಡಮೆಯಿಲ್ಲ. ಈ ಮರುಕ ಸುಳ್ಳಲ್ಲ. ಆದರೆ ಅದು ಯಾರ ಮರುಕವೆಂದು ಕೇಳಬೇಕು. ರಾತ್ರಿ ಹತ್ತಕ್ಕೆ ಎದೆನೋವು ಬಂದ ತಂದೆಯನ್ನು ಹೊಳೆಬಾಗಿಲಿಗೆ ತಂದು, ಕತ್ತಲ ನೀರಿನಾಚೆ ದೀಪವೊಂದು ಮಿನುಗುವುದನ್ನೇ ನೋಡುತ್ತ ಕುಳಿತವರಿಗೆ ಅದು ಬಾರದು. ಸ್ಕಾಟ್‌ಲೆಂಡಿನ ಸ್ಕೈ ದ್ವೀಪಕ್ಕೆ 1995ರಲ್ಲಿ ಸೇತುವೆಯಾದಾಗಲೂ ದೂರದ ಪ್ರವಾಸಿಗಳು ಹಳೆಯ ಹಡಗಿಗಾಗಿ ಕಣ್ಣೀರು ಸುರಿಸಿದ್ದಿರಬಹುದು. ದ್ವೀಪದವರು ಮಾತ್ರ ಸೇತುವೆಗೆ ವಿಧಿಸಿದ ಸುಂಕದ ಮೇಲೆ ಜಗಳ ಹೂಡಿದರು. 2004ರಲ್ಲಿ ಸುಂಕ ರದ್ದಾಗುವವರೆಗೆ ಬಿಡಲಿಲ್ಲ. ಅಲ್ಲಿಯೇ ಬಾಳುವವರ ಚಿಂತೆಯ ಜಾಡು ಬೇರೆ.

ಹಾಗೆಂದು ಲಾಂಚಿನೊಡನೆ ಏನೂ ಕಳೆಯಲಿಲ್ಲವೆನ್ನುವಂತಿಲ್ಲ. ಕಾಯುವುದು ಶಿಕ್ಷೆಯಾದರೂ ಒಟ್ಟಿಗೆ ಕಾಯುವ ಶಿಕ್ಷೆ. ಯಾರ ಮನೆಯ ಅಡಿಕೆಗೆ ಕೊಳೆ ಬಂತು, ಯಾರ ಮಗ ಬೆಂಗಳೂರಿನಲ್ಲಿ ಕೆಲಸ ಬಿಟ್ಟ, ಯಾರ ಮನೆಯ ಹೆಣ್ಣಿಗೆ ಗಂಡು ಗೊತ್ತಾಯಿತು ಎಂಬ ವಾರ್ತೆಗಳೆಲ್ಲ ಹಂಚಿಹೋಗುತ್ತಿದ್ದದ್ದು ಹೊಳೆಬಾಗಿಲಿನ ಕಟ್ಟೆಯ ಮೇಲೆ. ಅಲ್ಲಿ ಚಹ, ಅನಾನಸು, ಮಂಡಕ್ಕಿ ಮಾರುತ್ತಿದ್ದ ಪುಟ್ಟ ಅಂಗಡಿಗಳವರಿಗೆ ಸಾಲುನಿಂತ ಕಾರುಗಳೇ ಕಾಮಧೇನು. ಸೇತುವೆಯ ಮೇಲೆ ವಾಹನಗಳು ನಿಲ್ಲದೆ ಸಾಗುತ್ತವೆ, ನಿಲ್ಲದವರು ಕೊಳ್ಳುವುದಿಲ್ಲ. ಈಚೆಯವರ ಇನ್ನೊಂದು ಅಳುಕೆಂದರೆ, ಇಷ್ಟು ದಿನ ನೀರೇ ಕಾದಿದ್ದ ಕಾಡಿಗೆ ಇನ್ನು ಹೋಟೆಲು, ವಸತಿಗೃಹಗಳು ನುಗ್ಗಿಯಾವು ಎಂಬುದು. ಶರಾವತಿ ಕಣಿವೆ ಸಿಂಗಳೀಕಗಳ ನೆಲೆ. 1972ರಿಂದಲೂ ಅದರಲ್ಲೊಂದು ಭಾಗ ಅಭಯಾರಣ್ಯವಾಗಿದೆ. ಈ ಅಳುಕನ್ನು ನಕ್ಕು ತಳ್ಳಿಹಾಕುವಂತಿಲ್ಲ.

ಬರಿಯ ಸಂತೋಷಕ್ಕಾಗಿ ನೀರಿನ ಮೇಲೆ ಹೋಗಬೇಕೆನ್ನುವವರಿಗೆ ಕರಾವಳಿಯಲ್ಲಿ ದಾರಿಯುಂಟು. ಉಡುಪಿಯ ಬಳಿಯ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಗಳಿಗೆ ದೋಣಿಗಳು ಹೋಗುತ್ತವೆ. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ನಿಲ್ಲುತ್ತವೆ. ಕಡೆದು ನಿಲ್ಲಿಸಿದ ಕಂಬಗಳಂಥ ಕಪ್ಪು ಶಿಲೆಗಳು ಅಲ್ಲಿಯ ವಿಶೇಷ. ಕೋಟ್ಯಂತರ ವರ್ಷಗಳ ಹಿಂದೆ ಹರಿದ ಲಾವಾರಸ ತಣಿದು ಬಿರುಕುಬಿಟ್ಟು ಆದ ಕಂಬಗಳು ಅವು. ಆ ದ್ವೀಪಗಳಲ್ಲಿ ವಾಸದ ಮನೆಗಳಿಲ್ಲ. ಜನರು ತಮ್ಮ ಕೆಲಸಕ್ಕೆಂದು ನೀರು ದಾಟುವುದನ್ನು ನೋಡಬೇಕೆನ್ನುವವರು ಕುಮಟಾ ತಾಲೂಕಿನ ತದಡಿಗೆ ಹೋಗಬಹುದು. ಅಘನಾಶಿನಿಯ ಅಳಿವೆಯಲ್ಲಿ ಮೀನಿನ ಬುಟ್ಟಿಗಳೊಡನೆ ದಡದಿಂದ ದಡಕ್ಕೆ ಹೋಗುವುದು ಅಲ್ಲಿಯ ಜನಕ್ಕೆ ಬಸ್ಸು ಹತ್ತಿದಷ್ಟೇ ಸಹಜ. ಕರಾವಳಿಯ ನದಿಗಳಿಗೆ ಸೇತುವೆಗಳಾಗುವ ಮೊದಲು ಬಸ್ಸು ಇಳಿದು ದೋಣಿ, ದೋಣಿ ಇಳಿದು ಮತ್ತೆ ಬಸ್ಸು ಎಂಬುದೇ ಪ್ರಯಾಣದ ಕ್ರಮವಾಗಿತ್ತು.

ಶರಾವತಿಯ ಹಿನ್ನೀರಿನಲ್ಲಿಯೂ ಲಾಂಚು ಒಂದೇ ಇರಲಿಲ್ಲ. ಕಾರ್ಗಲ್ಲಿನ ಕಡೆ ಮುಪ್ಪಾನೆ, ನಿಟ್ಟೂರಿನ ಕಡೆ ಹಸಿರುಮಕ್ಕಿ, ಇವೂ ನೀರು ದಾಟುವ ಕಟ್ಟೆಗಳು. ದೇವಸ್ಥಾನದ ಜನಸಂದಣಿ ಇಲ್ಲದ್ದರಿಂದ ಅವುಗಳ ಹೆಸರು ದೂರಕ್ಕೆ ಕೇಳಲಿಲ್ಲ. ಸಿಗಂದೂರಿನ ಸೇತುವೆ ತೆರೆದ ವರ್ಷದಲ್ಲಿಯೂ ಹಸಿರುಮಕ್ಕಿಯಲ್ಲಿ ಲಾಂಚು ಓಡುತ್ತಿತ್ತು. ಪಕ್ಕದಲ್ಲಿ ಅದರ ಸೇತುವೆಯ ಕಂಬಗಳೂ ಏಳುತ್ತಿದ್ದುವು. ಅಲ್ಲಿ ಲಾಂಚಿಗೆ ಬರುವವರು ಹೆಚ್ಚಾಗಿ ಊರವರೇ: ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಶಾಲೆಯ ಮಕ್ಕಳು. ನೋಡುವ ಆಸೆಯಿಂದ ಹೋದವರು ವಾಹನವನ್ನು ದಡದಲ್ಲಿಯೇ ಬಿಟ್ಟು, ಮಕ್ಕಳನ್ನೂ ಮೂಟೆಗಳನ್ನೂ ಮೊದಲು ಹತ್ತಗೊಟ್ಟು, ಕಂಬಿಯ ಬಳಿ ಒಂದು ಮೂಲೆಯಲ್ಲಿ ನಿಂತರೆ ಸಾಕು.